ಅಬ್ಬಣಬ್ಬೆಯ ತವರು

ಕಳೆದ ವರ್ಷ ನವೆಂಬರಿನಲ್ಲಿ ಶಲವಡಿಯ ಶಾಲೆಯೊಂದರಲ್ಲಿ ಪಂಪನನ್ನು ಕುರಿತು ಮಾತನಾಡುವ ಸಂದರ್ಭ ಒದಗಿತ್ತು. ಕನ್ನಡ ರಾಜ್ಯೋತ್ಸವದ ನಿಮಿತ್ತ ಏರ್ಪಟ್ಟ ಸಣ್ಣ ಸಭೆ. ಊರ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿಯ ಕಡಲೆ ಆಗತಾನೆ ನೆಲದಿಂದ ಮೇಲೆದ್ದಿತ್ತು. ನನ್ನನ್ನು ಪರಿಚಯಿಸಿದ ಅಧ್ಯಾಪಕರು, ನಮ್ಮ ನೆರೆಯ ಅಣ್ಣಿಗೇರಿಯಲ್ಲಿ ಜನಿಸಿದ ಆದಿಕವಿಯ ಬಗ್ಗೆ ಇವರು ಮಾತನಾಡುವರು ಎಂದರು. ನಾನು ಎದ್ದು ನಿಂತವನೇ ಮೊದಲು ಮಾಡಿದ ಕೆಲಸವೆಂದರೆ ಅವರ ಮಾತನ್ನು ತಿದ್ದಿದ್ದು. ಪಂಪನು ತಾನು ಎಲ್ಲಿ ಹುಟ್ಟಿದೆನೆಂದು ಎಲ್ಲಿಯೂ ಹೇಳಿಲ್ಲ. ಅಣ್ಣಿಗೇರಿ ಅವನ ತಾಯಿಯ ಕಡೆಯವರ ಊರೆಂಬುದಷ್ಟೇ ನಮಗೆ ಗೊತ್ತು. ಅಲ್ಲಿಯೇ ಜನಿಸಿದನೆಂಬುದಕ್ಕೆ ಆಧಾರವಿಲ್ಲ ಎಂದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಂಥ ತಿದ್ದುಪಡಿ ಉಸಿರಾಟದಷ್ಟು ಸಹಜವಾಗಿಬಿಟ್ಟಿರುತ್ತದೆ.

ಭಾಷಣ ಮುಗಿದ ಮೇಲೆ ಎಂಟನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಹಂಗಾದ್ರ ಪಂಪ ನಮ್ಮಾವ ಅಲ್ಲೇನ್ರಿ, ಸರ?" ಎಂದು ಕೇಳಿದ.

ನಾನು ಉದ್ದವಾದ ಉತ್ತರ ಕೊಟ್ಟೆ. ಕವಿಗಳು ಯಾವ ಊರಿಗೂ ಸೇರಿದವರಲ್ಲ, ಎಲ್ಲರಿಗೂ ಸೇರಿದವರು ಎಂಬ ಧಾಟಿಯ, ಎಲ್ಲ ಸಭೆಗಳಿಗೂ ಹೊಂದುವ ಉತ್ತರ. ಹುಡುಗ ಕುಳಿತುಕೊಂಡ. ಅವನಿಗೆ ಅದು ಹಿಡಿಸಲಿಲ್ಲವೆಂಬುದು ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ನನಗೂ ಹಿಡಿಸಿರಲಿಲ್ಲ. ಆ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ಮರುದಿನ ಅಣ್ಣಿಗೇರಿಗೆ ಹೋದೆ.

ಪ್ರಶ್ನೆ ಆ ಹುಡುಗನಿಗೆ ಏಕೆ ಅಷ್ಟು ಮುಖ್ಯವಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಶಲವಡಿಯಂಥ ಊರುಗಳಿಗೆ ಪಠ್ಯಪುಸ್ತಕದಲ್ಲಿ ಜಾಗವಿಲ್ಲ. ಕನ್ನಡದ ಹಿರಿಮೆಯ ಪಾಠ ಬಂದಾಗ ಬನವಾಸಿ, ಬಾದಾಮಿ, ಹಂಪಿ, ಬೇಲೂರುಗಳ ಹೆಸರು ಬರುತ್ತವೆ. ಎರೆನಾಡಿನ ಮಕ್ಕಳಿಗೆ ಕೈಯಳತೆಯಲ್ಲಿ ಸಿಗುವುದೆಂದರೆ ಅಣ್ಣಿಗೇರಿಯ ಪಂಪನೊಬ್ಬನೇ. ವಿಚಿತ್ರವೆಂದರೆ, ಕನ್ನಡದ ತಿರುಳೆಂದು ಹಿಂದಿನವರು ಕರೆದ ನಾಡು ಇದೇ. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಕನ್ನಡವೇ ತಿರುಳ್ಗನ್ನಡವೆಂಬುದು 'ಕವಿರಾಜಮಾರ್ಗ'ದ ನಿಲುವು. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಭೂಪಟದ ಮೇಲೆ ಈ ನಾಲ್ಕು ಊರುಗಳನ್ನು ಗೆರೆ ಎಳೆದು ಕೂಡಿಸಿದರೆ ಅಣ್ಣಿಗೇರಿಯೂ ಶಲವಡಿಯೂ ಅದರೊಳಗೆ ಬೀಳುತ್ತವೆ. ಪಂಪನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡದ್ದು ಈ ನಾಡಿನ ಮಾತನ್ನೇ. ಅದೇ ನಾಡಿನ ಹುಡುಗನ "ನಮ್ಮಾವ ಅಲ್ಲೇನ್ರಿ" ಎಂಬ ಮಾತನ್ನು ಇಂದು ಗ್ರಾಮ್ಯವೆಂದು ತಿದ್ದುವವರು ನಾವು.

ಈಗ ಆಧಾರಗಳ ಮಾತು. ಪಂಪನು ಹುಟ್ಟಿದ ಸಂವತ್ಸರ ದುಂದುಭಿ, ಅದು ಕ್ರಿ.ಶ. 902ಕ್ಕೆ ಹೊಂದುತ್ತದೆ. 'ಆದಿಪುರಾಣ' 941ರದು. ಕವಿ ತನ್ನ ಕಾಲ ಹೇಳಿದ, ಸ್ಥಳ ಹೇಳಲಿಲ್ಲ. ವಂಶದ ಮಾತು ಬಂದಾಗ 'ವಿಕ್ರಮಾರ್ಜುನ ವಿಜಯ'ದ ಕೊನೆಯಲ್ಲಿ ಮಾಧವ ಸೋಮಯಾಜಿಯಿಂದ ತಂದೆಯವರೆಗೆ ಗಂಡುಸಂತತಿಯ ಪರಂಪರೆಯನ್ನು ಕೊಡುತ್ತಾನೆ. ಅದು ವೆಂಗಿನಾಡಿನ ವೈದಿಕ ಮನೆತನ; ತಂದೆಯ ಕಾಲಕ್ಕೆ ಜಿನಧರ್ಮಕ್ಕೆ ಬಂದದ್ದು. ಊರುಗಳ ಪೈಕಿ ಅವನ ಮನಸ್ಸು ಕರಗುವುದು ಬನವಾಸಿಯ ಹೆಸರಿನಲ್ಲಿ. ಹೀಗಾಗಿ ಬಹುಕಾಲ ಪಂಪನ ಊರಿನ ಬಗ್ಗೆ ಮಾತನಾಡಿದವರು ಒಂದೋ ವೆಂಗಿಯತ್ತ ನೋಡುತ್ತಿದ್ದರು, ಇಲ್ಲವೆ ಬನವಾಸಿಯತ್ತ. ರಾಜ್ಯ ಸರ್ಕಾರ 1987ರಿಂದ ಕೊಡುತ್ತ ಬಂದಿರುವ ಪಂಪ ಪ್ರಶಸ್ತಿಯ ಪ್ರದಾನಕ್ಕೂ ಬನವಾಸಿಯ ಕದಂಬೋತ್ಸವವೇ ವೇದಿಕೆ.

ಅಣ್ಣಿಗೇರಿಯ ಹೆಸರು ಬಂದದ್ದು ಅನಿರೀಕ್ಷಿತವಾದ ಕಡೆಯಿಂದ. ತೆಲಂಗಾಣದ ಕರೀಂನಗರದ ಹತ್ತಿರ ಕುರಿಕ್ಯಾಲವೆಂಬ ಹಳ್ಳಿ. ಅಲ್ಲಿಯ ಬೊಮ್ಮಲಗುಟ್ಟವೆಂಬ ಬಂಡೆಗುಡ್ಡದ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ತೆಲುಗು ವಿದ್ವಾಂಸರಿಗೆ ಅದು ತಮ್ಮ ಭಾಷೆಯ ಅತಿ ಪ್ರಾಚೀನ ಕಂದಪದ್ಯಗಳ ಆಕರ; ನಮಗೆ ಪಂಪನ ಕುಟುಂಬದ ಕಡತ. ಜಿನವಲ್ಲಭ ಅಲ್ಲಿ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕಡೆಯಿಸಿದ. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಮಾಡಿಸಿದ. ಕೆರೆಗೆ ಇಟ್ಟದ್ದು ಅಣ್ಣನ ಬಿರುದು. ಮಾಡಿಸಿದವನು ಯಾರೆಂದು ಹೇಳುವಾಗ ತಂದೆ ಭೀಮಪಯ್ಯನ ಗೋತ್ರ, ಮೂಲ, ತಾತನ ಹೆಸರು ಎಲ್ಲವನ್ನೂ ಹೇಳಿ, ಅಲ್ಲಿಗೇ ನಿಲ್ಲದೆ ತಾಯಿಯ ಕಡೆಗೆ ಬರುತ್ತಾನೆ: ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ.

ನಮಗಿರುವ ಆಧಾರ ಇಷ್ಟೇ. ಆದಿಕವಿಯ ತಾಯಿಯ ಹೆಸರು ಅಣ್ಣನ ಕಾವ್ಯದಿಂದಲ್ಲ, ತಮ್ಮನ ಬಂಡೆಯಿಂದ ನಮಗೆ ದಕ್ಕಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ರೂಢಿ. ಆದ್ದರಿಂದ ಪಂಪ ಅಣ್ಣಿಗೇರಿಯಲ್ಲಿ ಹುಟ್ಟಿರಬೇಕು ಎಂಬುದು ವಿದ್ವಾಂಸರ ಊಹೆ. ಊಹೆ ಒಳ್ಳೆಯದೇ. ಆದರೆ ಇಂದಿನ ರೂಢಿಯನ್ನು ಹತ್ತನೆಯ ಶತಮಾನಕ್ಕೆ ಹೊರಿಸಲು ನನಗೆ ಕೈ ಬರುವುದಿಲ್ಲ. ತಜ್ಞರ ಬರಹದಲ್ಲಿ 'ಇರಬೇಕು' ಎಂದಿದ್ದದ್ದು ಮುಂದಿನ ಪುಸ್ತಕದಲ್ಲಿ 'ಇರಬಹುದಾದ' ಆಗಿ, ಮಾರ್ಗದರ್ಶಿಯಲ್ಲಿ 'ಜನ್ಮಸ್ಥಳ'ವಾಗಿ, ಫಲಕದಲ್ಲಿ ದಪ್ಪಕ್ಷರವಾಗುವುದನ್ನು ನಾವು ಎಷ್ಟು ಕಡೆ ಕಂಡಿಲ್ಲ!

ಇದಕ್ಕೆ ಸೇರಿಸಬೇಕಾದ ಇನ್ನೊಂದು ಮಾತಿದೆ. ನಮ್ಮ ಜೈನ ವಲಯದಲ್ಲಿ ಅದನ್ನು ಹೇಳುವವರು ಕಡಿಮೆ. ಅಣ್ಣಿಗೇರಿ ದೊಡ್ಡ ಜೈನಕೇಂದ್ರವಾಗಿತ್ತು, ಪಂಪ ಜೈನಕವಿ, ಆದ್ದರಿಂದ ಅಣ್ಣಿಗೇರಿ ಅವನ ಊರಾದದ್ದು ಸಹಜವೆಂದು ನಮ್ಮವರು ಬರೆಯುತ್ತಾರೆ. ಆದರೆ ಶಾಸನ ತಾಯಿಯ ಮನೆಯನ್ನು ಗುರುತಿಸುವುದು ಬಸದಿಯಿಂದಲ್ಲ, ಜೋಯಿಸನಿಂದ. ಅಂದರೆ ಪಂಚಾಂಗ ನೋಡುವ ವೃತ್ತಿಯಿಂದ. ಅಬ್ಬಣಬ್ಬೆಯ ಮನೆಯಲ್ಲಿ ಯಾವ ದೇವರ ಪೂಜೆ ನಡೆಯುತ್ತಿತ್ತೆಂದು ನಾವು ತೀರ್ಮಾನಿಸುವುದು ಬೇಡ. ಅವಳ ತಂದೆಯ ಹೆಸರನ್ನು ಬಿಟ್ಟು ಅಜ್ಜನ ಹೆಸರು ಹೇಳಿದ್ದರಲ್ಲಿ ಸಿಂಘನು ಆ ಕಾಲಕ್ಕೆ ಹತ್ತೂರಿಗೆ ಗೊತ್ತಿದ್ದ ಜೋಯಿಸನಾಗಿದ್ದನೇನೋ ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ, ಫಲಕಕ್ಕೆ ಏರಿಸತಕ್ಕದ್ದಲ್ಲ.

ಅಣ್ಣಿಗೇರಿ ಹುಬ್ಬಳ್ಳಿ-ಗದಗ ದಾರಿಯ ಮೇಲಿನ ಊರು. ರೈಲೂ ಇದೆ. ಈಗ ತಾಲ್ಲೂಕು ಕೇಂದ್ರ. ಮೆಣಸಿನಕಾಯಿ, ಹತ್ತಿ, ಕಡಲೆ ತುಂಬಿದ ಟ್ರ್ಯಾಕ್ಟರುಗಳ ಸದ್ದಿನಲ್ಲಿ, ಇದು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿತ್ತು, ಕಲ್ಯಾಣ ಚಾಳುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಅಂಚಿನಲ್ಲಿ ಇಲ್ಲಿ ನೆಲೆನಿಂತು ಆಳಿದ ಎಂದರೆ ಹೊಸಬರು ನಂಬಲಾರರು. ನಂಬಿಸುವುದಕ್ಕೆ ಅಮೃತೇಶ್ವರ ದೇವಾಲಯವೊಂದಿದೆ. ಸುಮಾರು 1050ರ ಕಟ್ಟಡ. ಹೆನ್ರಿ ಕಸೆನ್ಸ್ ಕನ್ನಡ ಜಿಲ್ಲೆಗಳ ಚಾಳುಕ್ಯ ವಾಸ್ತುವನ್ನು ಕುರಿತು 1926ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿನಲ್ಲಿ ಕಟ್ಟಿದ ಚಾಳುಕ್ಯ ದೇಗುಲಗಳಲ್ಲಿ ಇದೇ ಮೊದಲನೆಯದೆಂದು ವಾಸ್ತುಚರಿತ್ರಕಾರರು ಹೇಳುತ್ತಾರೆ. ಲಕ್ಕುಂಡಿ, ಇಟಗಿ, ಮುಂದೆ ಬೇಲೂರು, ಹಳೇಬೀಡುಗಳ ನುಣುಪಿಗೆ ಈ ಕಲ್ಲೇ ಕಾರಣ. ಮರಳುಗಲ್ಲಿನಲ್ಲಿ ಉಳಿ ಎಡವುವ ಕಡೆ ಇದರಲ್ಲಿ ಮೊಳೆಯಂತೆ ಸಲೀಸಾಗಿ ಓಡುತ್ತದೆ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಒಳಗಿನ 76 ಕಂಬಗಳ ನಡುವೆ ನಿಂತರೆ ನಡುಹಗಲಿನಲ್ಲಿಯೂ ಮೈ ತಣ್ಣಗಾಗುತ್ತದೆ.

ಕಲ್ಲಿನ ವಿಷಯದಲ್ಲಿ ಎರೆನಾಡಿನವರಿಗೆ ಮಾತ್ರ ತಿಳಿಯುವ ಒಂದು ಸಂಗತಿಯುಂಟು. ಇಲ್ಲಿ ಆಳುದ್ದ ಅಗೆದರೂ ಕರಿಮಣ್ಣೇ. ಮಳೆಯಲ್ಲಿ ಕಾಲು ಹಿಡಿಯುತ್ತದೆ, ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಆದರೆ ಕಟ್ಟುವುದಕ್ಕೆ ಕಲ್ಲನ್ನು ಕೊಡುವುದಿಲ್ಲ. ಈ ನಾಡಿನಲ್ಲಿ ನಿಂತಿರುವ ಪ್ರತಿಯೊಂದು ಕಲ್ಲೂ ಎಲ್ಲಿಂದಲೋ ಬಂಡಿಯ ಮೇಲೆ ಬಂದದ್ದು. ಆದ್ದರಿಂದಲೇ ಇಲ್ಲಿ ಕಲ್ಲನ್ನು ಯಾರೂ ಎಸೆಯುವುದಿಲ್ಲ. ಬಿದ್ದ ಗುಡಿಯ ತೊಲೆ ಬಾವಿಯ ಮೆಟ್ಟಿಲಾಗುತ್ತದೆ, ಬಾಗಿಲವಾಡ ಅಗಸಿಯ ಗೋಡೆಯೊಳಗೆ ಸೇರುತ್ತದೆ, ಪೀಠ ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಕರಾವಳಿಯ ಅಥವಾ ಮಲೆನಾಡಿನ ಊರಿನಲ್ಲಿ ಪಾಳುಬಿದ್ದ ಬಸದಿ ಪಾಳಾಗಿಯೇ ಉಳಿಯಬಹುದು. ಎರೆನಾಡಿನಲ್ಲಿ ಅದು ಹತ್ತು ಮನೆಗಳಲ್ಲಿ ಹಂಚಿಹೋಗಿರುತ್ತದೆ. ಕ್ಷೇತ್ರಕಾರ್ಯಕ್ಕೆ ಬರುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಗುಡಿಯ ಮುಂದೆ ಕ್ಯಾಮೆರಾ ತೆರೆಯುವ ಮೊದಲು ಹಿತ್ತಲುಗಳನ್ನು ನೋಡಿರಿ.

ಅಣ್ಣಿಗೇರಿಯ ಅತಿ ಹಳೆಯ ಜೈನದಾಖಲೆ ಅಮೃತೇಶ್ವರಕ್ಕಿಂತ ಮುನ್ನೂರು ವರ್ಷ ಹಿಂದಿನದು. ಬಾದಾಮಿ ಚಾಳುಕ್ಯ ಇಮ್ಮಡಿ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದ, ಎಂದರೆ ಸುಮಾರು 751ರ ಕಂಬದ ಶಾಸನ. ಜೇಬುಳಗೇರಿಯ ಗಾಮುಂಡನಾಗಿದ್ದ ಕಲಿಯಮ್ಮ ಎಂಬವನು ಒಂದು 'ಚೇದಿಯ'ವನ್ನು ಮಾಡಿಸಿದ. ಅದರ ಮುಂದೆ ಕೊಂಡಿಶುಲರ ಕುಪ್ಪ ಎಂಬವನು ಒಂದು ಶಿಲ್ಪವನ್ನು ನಿಲ್ಲಿಸಿದ. ಕುಪ್ಪನಿಗೆ ಕೀರ್ತಿವರ್ಮ ಗೋಸಾಸಿ ಎಂಬ ಹೆಸರೂ ಇತ್ತು. ಚೇದಿಯವೆಂದರೆ ಚೈತ್ಯ, ಇಲ್ಲಿ ಬಸದಿ. ಗೋಸಾಸಿಯೆಂದರೆ ಗೋಸಹಸ್ರ ದಾನ ಮಾಡಿದವನು. ಕಲಿಯಮ್ಮ ಗಂಡಸೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಈ ಹೆಸರನ್ನು ಕಂಡು ದಾನಶೀಲೆಯಾದ ಮಹಿಳೆಯೆಂದು ಹೊಗಳಿದ ಉಪನ್ಯಾಸವೊಂದನ್ನು ನಾನು ಕೇಳಿದ್ದೇನೆ. ಎರಡೂ ಕಡೆಯ ಊರವರನ್ನು ವಿಚಾರಿಸಿದೆ. ಜೇಬುಳಗೇರಿಯೆಂಬ ಹೆಸರು ಯಾರ ಬಾಯಿಯಲ್ಲಿಯೂ ಬರಲಿಲ್ಲ. ಕಂಬ ಉಳಿಯಿತು, ಚೇದಿಯ ಹೋಯಿತು.

ಇನ್ನೊಂದು ಬಸದಿಯ ಕಥೆ ಇದಕ್ಕಿಂತ ಕಟುವಾದದ್ದು. ಬೆಳ್ವೊಲವನ್ನು ಗಂಗ ಪೆರ್ಮಾಡಿ ಆಳುತ್ತಿದ್ದಾಗ ಅಣ್ಣಿಗೇರಿಯಲ್ಲಿ ಜಿನಾಲಯವೊಂದನ್ನು ಕಟ್ಟಿಸಿದ್ದ. ಹನ್ನೊಂದನೆಯ ಶತಮಾನದ ನಡುವೆ ಚೋಳನ ಸೈನ್ಯ ಬೆಳ್ವೊಲದೊಳಕ್ಕೆ ನುಗ್ಗಿ ಪೆರ್ಮಾಡಿ ಮಾಡಿಸಿದ ಜಿನಾಲಯಗಳನ್ನು ಸುಟ್ಟು ಹಾಳುಮಾಡಿತು. ಆ ಚೋಳ ಮುಂದೆ ಮೊದಲನೆಯ ಸೋಮೇಶ್ವರನೊಡನೆ ಕಾದಿ ತಲೆ ಒಪ್ಪಿಸಿದ ಎಂದು ಶಾಸನ ಹೇಳುತ್ತದೆ. 1054ರ ಕೊಪ್ಪಂ ಯುದ್ಧದಲ್ಲಿ ಮಡಿದ ರಾಜಾಧಿರಾಜನ ಮಾತು ಇದು. ಅಮೃತೇಶ್ವರದ ಕಂಬಗಳು ಏಳುತ್ತಿದ್ದ ಕಾಲ ಮತ್ತು ಬಸದಿಗಳು ಉರಿದ ಕಾಲ ಹೆಚ್ಚುಕಡಿಮೆ ಒಂದೇ ಎಂಬುದು ಆ ಕಂಬಗಳ ನಡುವೆ ನಿಂತಾಗ ನನಗೆ ಹೊಳೆಯಿತು. ಅಷ್ಟು ವರ್ಷ ಎರಡನ್ನೂ ಬೇರೆ ಬೇರೆ ಪಾಠಗಳಲ್ಲಿ ಓದಿಸುತ್ತ ಬಂದಿದ್ದೆ. ಬಳಿಕ ಭುವನೈಕಮಲ್ಲ ಸೋಮೇಶ್ವರನ ಕಾಲದಲ್ಲಿ, 1071-72ರಲ್ಲಿ, ಬೆಳ್ವೊಲ ಮತ್ತು ಪುಲಿಗೆರೆಗಳನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸ ಆ ಜಿನಾಲಯವನ್ನು ಮತ್ತೆ ಊರ್ಜಿತಗೊಳಿಸಿ, ಬಲಾತ್ಕಾರ ಗಣದ ತ್ರಿಭುವನಚಂದ್ರರಿಗೆ ದತ್ತಿ ಬಿಟ್ಟ.

ಈ ಶಾಸನವನ್ನು ಹಗೆಯ ಪಠ್ಯವಾಗಿ ಓದುವವರಿದ್ದಾರೆ. ಒಬ್ಬರು ಚೋಳನ ಕ್ರೌರ್ಯಕ್ಕೆ ಉದಾಹರಣೆಯಾಗಿ, ಇನ್ನೊಬ್ಬರು ಶೈವ-ಜೈನ ಕಲಹಕ್ಕೆ ಉದಾಹರಣೆಯಾಗಿ. ಸುಟ್ಟದ್ದು ನಿಜ; ಅದನ್ನು ಮೆದುಗೊಳಿಸುವ ಅಗತ್ಯವಿಲ್ಲ. ಆದರೆ ಸುಟ್ಟ ಮಾತು ಅಲ್ಲಿ ಬರುವುದು ಮುಂದಿನ ಮಾತಿಗೆ ಪೀಠಿಕೆಯಾಗಿ. ಮುಂದಿನ ಮಾತು ದುರಸ್ತಿಯದು, ಹೊಲದ ಎಲ್ಲೆಗಳದು, ಯಾರು ಎಷ್ಟು ಮತ್ತರು ಉಳುತ್ತಾರೆ, ಬಂದದ್ದನ್ನು ಯಾರು ಏನಕ್ಕೆ ಬಳಸಬೇಕೆಂಬುದರದು. ಬೆಂಕಿಯ ಸುದ್ದಿಯನ್ನು ಕಾದಿಟ್ಟದ್ದು ಕಂದಾಯದ ಲೆಕ್ಕ.

ಮತ್ತೆ ಈ ಕಥೆಯನ್ನು ವಿದ್ವಾಂಸರು ಕರೆಯುವುದು 'ಗಾವರವಾಡ ಶಾಸನ'ವೆಂದು. ಗಾವರವಾಡ ಗದಗ ತಾಲ್ಲೂಕಿನ ಹಳ್ಳಿ. ಬಸದಿ ಇದ್ದದ್ದು ಅಣ್ಣಿಗೇರಿಯಲ್ಲಿ. ಅದರ ಸಂಕಟವನ್ನು ಹೇಳುವ ಕಲ್ಲು ಆ ಹಳ್ಳಿಯಲ್ಲಿ. ಅಣ್ಣಿಗೇರಿಯಲ್ಲಿಯೂ ಅದೇ ಕಾಲದ ಶಾಸನವಿದ್ದು, ಬಾರ್ನೆಟ್ ಎರಡನ್ನೂ ಒಟ್ಟಿಗೆ 'ಎಪಿಗ್ರಾಫಿಯಾ ಇಂಡಿಕಾ'ದ 15ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾನೆ. ಆದರೂ ಹೆಸರು ನಿಂತದ್ದು ಗಾವರವಾಡದ ಮೇಲೆ. ಅಬ್ಬಣಬ್ಬೆಯ ಸುದ್ದಿ ಕುರಿಕ್ಯಾಲದಲ್ಲಿ, ಪೆರ್ಮಾಡಿಯ ಬಸದಿಯ ಸುದ್ದಿ ಗಾವರವಾಡದಲ್ಲಿ. ತನ್ನ ಬಗೆಗಿನ ಎರಡು ದೊಡ್ಡ ಸಂಗತಿಗಳಿಗೆ ಅಣ್ಣಿಗೇರಿ ಪರಊರಿನ ಕಲ್ಲುಗಳ ಋಣದಲ್ಲಿದೆ. ಊರಿನೊಳಗೇ ಸಿಕ್ಕಿದ್ದೆಲ್ಲ ಮಾತನಾಡುತ್ತದೆ ಎನ್ನುವಂತಿಲ್ಲ: 2010ರಲ್ಲಿ ಇಲ್ಲಿ ಚರಂಡಿ ತೋಡುವಾಗ ಒತ್ತೊತ್ತಾಗಿ ಹೂಳಿದ್ದ ನೂರಾರು ತಲೆಬುರುಡೆಗಳು ಹೊರಬಂದವು; ರಾಜ್ಯದ ಪತ್ರಿಕೆಗಳೆಲ್ಲ ಅಣ್ಣಿಗೇರಿಗೆ ಬಂದವು. ಯುದ್ಧದವೆಂದರು, ಬರಗಾಲದವೆಂದರು, ಕಾಲದ ಬಗ್ಗೆ ವಾದಿಸಿದರು. ಅವರು ಯಾರ ಮಕ್ಕಳೆಂದು ಹೇಳುವ ಕಲ್ಲು ಯಾವ ಊರಿನಲ್ಲಿಯೂ ಇಲ್ಲ.

ಆ ದಿನ ಮಧ್ಯಾಹ್ನ ಪಾರ್ಶ್ವನಾಥ ಬಸದಿಗೆ ಹೋಗಿ ದರ್ಶನ ಮಾಡಿಕೊಂಡು, ಅಣ್ಣಿಗೇರಿಯಲ್ಲಿರುವ ದೊಡ್ಡವ್ವನ ಮನೆಗೆ ಹೋದೆ. ಆಕೆ ನನ್ನ ತಾಯಿಯ ಅಕ್ಕ. ಎಂಬತ್ತು ದಾಟಿದ ವಯಸ್ಸು. ಸೂರ್ಯ ಮುಳುಗುವ ಮುನ್ನ ಊಟ, ಕಿವಿ ಮಂದ, ನೆನಪು ಚುರುಕು. ಶಲವಡಿಯ ಸುದ್ದಿ ನನಗಿಂತ ಮೊದಲೇ ಆಕೆಯನ್ನು ಮುಟ್ಟಿತ್ತು.

"ಪಂಪ ಇಲ್ಲಿ ಹುಟ್ಟಿಲ್ಲಂತ ಹೇಳಿ ಬಂದ್ಯಂತಲ್ಲೋ ತಮ್ಮಾ?"

"ಹುಟ್ಟಿಲ್ಲ ಅಂದಿಲ್ಲ ದೊಡ್ಡವ್ವಾ. ಹುಟ್ಟಿದ್ದಕ್ಕ ಆಧಾರ ಇಲ್ಲ ಅಂದೆ."

"ನೀ ಶಲವಡ್ಯಾಗ ಹುಟ್ಟಿದಿ. ಅದಕ್ಕೇನೈತಿ ಆಧಾರ?"

ಏನೂ ಇರಲಿಲ್ಲ. ಶಲವಡಿ ನನ್ನ ತಾಯಿಯ ತವರು. ನಾನು ಹುಟ್ಟಿದ್ದು ಅಲ್ಲಿಯ ಮಾಳಿಗೆ ಮನೆಯ ನಡುಮನೆಯಲ್ಲಿ. ಆದರೆ ನನ್ನ ಎಲ್ಲ ಕಾಗದಗಳಲ್ಲಿ ಜನ್ಮಸ್ಥಳವೆಂದು ಇರುವುದು ತಂದೆಯ ಊರು. ಶಾಲೆಗೆ ಹಾಕುವಾಗ ಯಾರೋ ಬರೆದದ್ದು. ಜನ್ಮದಿನಾಂಕ ಜೂನ್ 1, ನನ್ನ ತರಗತಿಯ ಅರ್ಧ ಮಕ್ಕಳದು ಇದ್ದಂತೆ. ಶಾಲೆ ಜೂನಿನಲ್ಲಿ ತೆರೆಯುತ್ತಿದ್ದುದರಿಂದ ನಮ್ಮ ಪೀಳಿಗೆಯವರನ್ನೆಲ್ಲ ಮಾಸ್ತರರು ಅದೇ ದಿನ ಹುಟ್ಟಿಸಿಬಿಟ್ಟಿದ್ದರು. ನಾನು ನಿವೃತ್ತನಾದದ್ದೂ ಆ ದಿನಾಂಕದ ಲೆಕ್ಕದಲ್ಲಿಯೇ. ಶಾಸನದ ತೇದಿಯಲ್ಲಿ ವಾರ, ತಿಥಿ, ನಕ್ಷತ್ರ ಹೊಂದದಿದ್ದರೆ ಕೂಟಶಾಸನವೆಂದು ಸಂಶಯಪಡುವ ನಾನು ಇಂಥ ದಾಖಲೆಯ ಮೇಲೆ ಸಂಬಳ ತೆಗೆದುಕೊಂಡವನು.

"ನೀ ಇದ್ದಿಯಲ್ಲ ದೊಡ್ಡವ್ವಾ," ಎಂದೆ.

"ನಾ ಹೋದ ಮ್ಯಾಲ?"

ಆಮೇಲೆ ಆಕೆ ನಾನು ಹುಟ್ಟಿದ ದಿನವನ್ನು ಹೇಳಿದಳು. ಈ ಮೊದಲು ತುಂಡು ತುಂಡಾಗಿ ಕೇಳಿದ್ದೆ. ಅಂದು ಕುಳಿತು ಬರೆದುಕೊಂಡೆ. ಆಗ ಆಕೆ ಹತ್ತು ವರ್ಷ ದೊಡ್ಡವಳು ನನ್ನ ತಾಯಿಗಿಂತ. ಅಣ್ಣಿಗೇರಿಯಿಂದ ತಂಗಿಯ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಎಳ್ಳಮಾಸಿಯ ದಿನ ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬಂದಿದ್ದರು. ಆ ರಾತ್ರಿ ಬೇನೆ ಕಾಣಿಸಿತು. ಮನೆಯಲ್ಲಿ ಜೋಳ ತೀರಿತ್ತೆಂದು ಅದೇ ದಿನ ಹಗೇವಿನ ಬಾಯಿ ತೆರೆದಿಟ್ಟಿದ್ದರಂತೆ. ಹಗೇವಿನೊಳಗೆ ಕೂಡಲೇ ಇಳಿಯುವಂತಿಲ್ಲ. ಕಂದೀಲನ್ನು ಹಗ್ಗದಲ್ಲಿ ಇಳಿಸಿ, ದೀಪ ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಮನೆಗೆ ಇದ್ದದ್ದು ಒಂದೇ ಒಳ್ಳೆಯ ಕಂದೀಲು. ಸೂಲಗಿತ್ತಿ ಬಂದು ಬೆಳಕು ಕೇಳಿದಾಗ ಅದು ಹಗೇವಿನೊಳಗೆ ಜೋತಾಡುತ್ತಿತ್ತು. ಅಜ್ಜ ಅದನ್ನು ಮೇಲಕ್ಕೆಳೆದು, ಅದರ ಮಸಿ ಒರೆಸಿ, ನಡುಮನೆಯ ಬಾಗಿಲಲ್ಲಿ ಕೊಟ್ಟ. ಕೋಳಿ ಕೂಗುವ ಮೊದಲು ನಾನು ಹುಟ್ಟಿದೆ. ಇಷ್ಟನ್ನೂ ನೋಡಿದವರಲ್ಲಿ ಈಗ ಬದುಕಿರುವವಳು ದೊಡ್ಡವ್ವನೊಬ್ಬಳೇ, ಅದೂ ಶಲವಡಿಯಲ್ಲಲ್ಲ, ಅಣ್ಣಿಗೇರಿಯಲ್ಲಿ. ಶಲವಡಿಯ ಮನೆ ಮಾವಂದಿರ ಪಾಲಾದ ಮೇಲೆ ಕೈಬದಲಾಯಿತು. ಮಾಳಿಗೆ ಇಳಿಸಿ ಆರ್.ಸಿ.ಸಿ. ಕಟ್ಟಿದ್ದಾರೆ. ಹಗೇವನ್ನು ಮುಚ್ಚಿ ಅದರ ಬಾಯಿಕಲ್ಲನ್ನು ಮುಂಬಾಗಿಲ ಮೆಟ್ಟಿಲಿಗೆ ಹಾಕಿದ್ದಾರೆ. ನಾನು ಮೊದಲೇ ಹೇಳಿದಂತೆ, ಈ ನಾಡಿನಲ್ಲಿ ಕಲ್ಲನ್ನು ಯಾರೂ ಎಸೆಯುವುದಿಲ್ಲ.

ರಾತ್ರಿ ಹುಬ್ಬಳ್ಳಿಯ ರೈಲಿಗೆ ಕಾಯುತ್ತ ಕುಳಿತಾಗ ಜಿನವಲ್ಲಭನ ಶಾಸನ ಬೇರೆ ಬಗೆಯಲ್ಲಿ ಕಾಣತೊಡಗಿತು. ಅವನು ಬದುಕಿದ್ದು ವೇಮುಲವಾಡದ ಅರಿಕೇಸರಿಯ ನಾಡಿನಲ್ಲಿ. ಅಣ್ಣ ಅಲ್ಲಿಯ ಆಸ್ಥಾನದ ಕವಿ, ಅಗ್ರಹಾರ ಪಡೆದವನು. ಸುತ್ತಲಿನವರಿಗೆ ಅವರು ಯಾರೆಂದು ತಿಳಿಸಲು ತಂದೆಯ ವಂಶ ಸಾಕಾಗಿತ್ತು. ಅಣ್ಣಿಗೇರಿ ಎಲ್ಲಿದೆಯೆಂದು ಆ ಬಂಡೆಯ ಕೆಳಗೆ ನಡೆದಾಡುವ ಎಷ್ಟು ಮಂದಿಗೆ ಗೊತ್ತಿತ್ತು? 'ಬೆಳ್ವೊಲದ' ಎಂದು ಗುರುತು 'ಸೇರಿಸಿ' ಹೇಳಬೇಕಾದದ್ದು ಗೊತ್ತಿಲ್ಲದವರಿಗಾಗಿಯೇ. ದಾನಕ್ಕೆ ಬೇಡವಾದ, ಪುಣ್ಯಕ್ಕೆ ಬೇಡವಾದ, ರಾಜನ ಮರ್ಜಿಗೆ ಬೇಡವಾದ ಒಂದು ಊರಿನ ಹೆಸರನ್ನು ಅವನು ಕೂಲಿ ಕೊಟ್ಟು ಕಲ್ಲಿನಲ್ಲಿ ಹಾಕಿಸಿದ. ಪಂಪ ಎಲ್ಲಿ ಹುಟ್ಟಿದನೆಂಬ ನಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಅವನಿಗೆ ಆ ಪ್ರಶ್ನೆಯೇ ಇರಲಿಲ್ಲ. ಅವನು ದಾಖಲಿಸಿದ್ದು ತಾಯಿ ಎಲ್ಲಿಯವಳೆಂಬುದನ್ನು. ನಾವು ಆ ಸಾಲನ್ನು ಓದಿದ ಕೂಡಲೇ ಅಬ್ಬಣಬ್ಬೆಯನ್ನು ದಾಟಿ ಅವಳ ಮಗನ ತೊಟ್ಟಿಲಿಗೆ ಹೋಗಿಬಿಟ್ಟೆವು. ಫಲಕ ಬರೆದವರು ಹೋದರು. ಅವರನ್ನು ತಿದ್ದಿದ ನಾನೂ ಹೋದೆ. ಪಂಪನ ಜನ್ಮಸ್ಥಳಕ್ಕೆ ಆಧಾರವಿಲ್ಲವೆಂದು ಹೇಳುವ ಅವಸರದಲ್ಲಿ, ಪಂಪನ ತಾಯಿ ಈ ನಾಡಿನ ಹೆಣ್ಣುಮಗಳೆಂಬುದಕ್ಕೆ ಕಲ್ಲಿನಷ್ಟು ಗಟ್ಟಿ ಆಧಾರವಿದೆಯೆಂಬುದನ್ನು ಆ ಮಕ್ಕಳಿಗೆ 'ಅಷ್ಟೇ' ಎಂಬ ಪ್ರತ್ಯಯ ಹಚ್ಚಿ ಹೇಳಿ ಬಂದಿದ್ದೆ. ತಿರುಳ್ಗನ್ನಡ ಅವನಿಗೆ ಎಲ್ಲಿಂದ ಬಂತೆಂದು ನಾವು ಪುಲಿಗೆರೆಯ ಪಂಡಿತರತ್ತ ಬೆರಳು ತೋರುತ್ತೇವೆ. ವೆಂಗಿಯ ಮನೆತನದ ಹುಡುಗನ ಕಿವಿಗೆ ಆ ಮಾತು ಮೊದಲು ಬಿದ್ದದ್ದು ಅಣ್ಣಿಗೇರಿಯ ಹೆಣ್ಣುಮಗಳ ಬಾಯಿಯಿಂದ ಎನ್ನುವುದಕ್ಕೆ ಶಾಸನ ಬೇಕಾಗಿಲ್ಲವೆಂದು ನನಗೆ ತೋರುತ್ತದೆ; ಬೇಕೆನ್ನುವವರೊಡನೆ ನನಗೆ ಜಗಳವಿಲ್ಲ.

ಜನ್ಮಸ್ಥಳದ ಬಗ್ಗೆ ನಾನು ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ. ಆದರೆ ಜನವರಿಯಲ್ಲಿ ಎಳ್ಳಮಾಸಿಯ ಕಾಲಕ್ಕೆ ಶಲವಡಿಗೆ ಮತ್ತೊಮ್ಮೆ ಹೋದೆ; ದೊಡ್ಡವ್ವ ಹೊಲ ನೋಡಬೇಕೆಂದಿದ್ದಳು. ಅದೇ ಶಾಲೆಗೆ ಹೋಗಿ ಅಧ್ಯಾಪಕರಲ್ಲಿ ಹತ್ತು ನಿಮಿಷ ಬೇಡಿಕೊಂಡೆ. ಹುಡುಗ ಎರಡನೆಯ ಸಾಲಿನಲ್ಲಿದ್ದ. ಪಂಪನ ತಾಯಿ ಅಣ್ಣಿಗೇರಿಯ ಮನೆತನದವಳು, ಅವಳ ಅಜ್ಜ ಸಿಂಘನೆಂಬ ಜೋಯಿಸ, ಇದನ್ನು ಅವಳ ಕಿರಿಯ ಮಗ ದೂರದ ತೆಲುಗು ನಾಡಿನಲ್ಲಿ ಬಂಡೆಯ ಮೇಲೆ ಬರೆಸಿಟ್ಟಿದ್ದಾನೆ ಎಂದು ಹೇಳಿದೆ. ಅಧ್ಯಾಪಕರು ಗೋಡೆಯಲ್ಲಿದ್ದ ಪಂಪನ ಚಿತ್ರದ ಕೆಳಗೆ ಅವಳ ಹೆಸರನ್ನೂ ಬರೆಸೋಣವೆಂದರು. ಹುಡುಗ ತಾನೇ ಎದ್ದು ಬಂದು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತ.

"ಎರಡೂ ಕಡೆ ಬಕಾರಕ್ಕ ಒತ್ತು ಬರ್ತೈತೇನ್ರಿ, ಸರ?"

ಬರುತ್ತದೆ ಎಂದೆ.